ದಾಕ್ಷಿಯನ್ನು ಕರೆತರಲು ಲೈಡನ್ನಿಗೆ

ಆದೋನಿ

ನಾನು ಕಂಡ ಪರದೇಶ ಒಂದೇ, ಹಾಲೆಂಡ್. ಅದನ್ನೂ ನೋಡಲೆಂದು ಹೋದವಳಲ್ಲ, ತಂಗಿಯನ್ನು ಕರೆದುಕೊಂಡು ಬರಲೆಂದು ಹೋದವಳು. ಆದ್ದರಿಂದ ಟುಲಿಪ್ ಹೂವಿನ ಹೊಲಗಳ ಬಗ್ಗೆ ನನ್ನನ್ನು ಕೇಳಬೇಡಿ. ನಾನು ಹೋದದ್ದು ಜನವರಿಯಲ್ಲಿ, ಹೊಲಗಳಲ್ಲಿ ಕೆಸರಿತ್ತು. ಗಾಳಿಗಿರಣಿ ಒಂದನ್ನು ರೈಲಿನ ಕಿಟಕಿಯಿಂದ ಕಂಡೆ. ಅದು ತಿರುಗುತ್ತಿರಲಿಲ್ಲ.

ದಾಕ್ಷಾಯಣಿ ನನಗಿಂತ ಹತ್ತು ವರ್ಷ ಚಿಕ್ಕವಳು. ಅಪ್ಪನದು ಆದೋನಿಯಲ್ಲಿ ಹತ್ತಿ ವ್ಯಾಪಾರ. ನಾನು ಊರಿನ ಕನ್ನಡ ಶಾಲೆಯಲ್ಲಿ ಮಾಸ್ತರಿಣಿ, ನನ್ನನ್ನು ಮದುವೆ ಮಾಡಿ ಕೊಟ್ಟದ್ದೂ ಅದೇ ಊರಿನಲ್ಲಿ. ದಾಕ್ಷಿ ಸಣ್ಣವಳಿದ್ದಾಗ ಮಂತ್ರಾಲಯಕ್ಕೆ ಹೋದರೆ ಮಠದ ಮುಂದಿನ ದೇವರ ಫೋಟೊ ಅಂಗಡಿಗಳ ಸಾಲು ಬಿಟ್ಟು ಕದಲುತ್ತಿರಲಿಲ್ಲ. “ಈ ಲಕ್ಷ್ಮಿಗೂ ಸರಸ್ವತಿಗೂ ಒಂದ ಮುಖ ಯಾಕೈತಿ? ಸೀರಿ ಬದಲ ಮಾಡ್ಯಾರ ಅಷ್ಟ,” ಎಂದು ಅಂಗಡಿಯವನನ್ನು ಕೇಳಿ ಬೈಸಿಕೊಂಡಿದ್ದಳು. ಪಿಯುಸಿ ಮುಗಿದ ಮೇಲೆ ಕಲೆಯ ಇತಿಹಾಸವನ್ನೇ ಪದವಿಗೆ ಓದುತ್ತೇನೆ, ಅದೂ ಹಾಲೆಂಡಿನ ಲೈಡನ್ನಿನಲ್ಲಿ ಓದುತ್ತೇನೆ ಎಂದು ಹಟ ಹಿಡಿದಳು. ಚಿಕ್ಕಪ್ಪ ತೆಲುಗಿನಲ್ಲಿ ನಕ್ಕ: “ಬೊಮ್ಮಲು ಚೂಸೇದಿ ಕೂಡಾ ಒಕ ಚದುವಾ?” ಬೊಂಬೆ ನೋಡುವುದೂ ಒಂದು ಓದೇ ಎಂದು. ಅಪ್ಪ ಮಾತ್ರ, “ಹೋಗ್ಲಿ ಬಿಡು, ಆಕಿ ಕಣ್ಣು ಚಲೋ ಅದಾವ,” ಅಂದ. ಕಣ್ಣಳತೆಯಲ್ಲೇ ಹತ್ತಿಯ ದರ್ಜೆ ಹೇಳುವವನ ಬಾಯಲ್ಲಿ ಅದು ದೊಡ್ಡ ಮಾತು.

ಮೊದಲೆರಡು ವರ್ಷ ಅವಳ ಫೋನ್ ಬಂದರೆ ನಾನು ಅಡಿಗೆ ಬಿಟ್ಟು ಕೂರುತ್ತಿದ್ದೆ. ಇವತ್ತು ಒಂದು ಚಿತ್ರ ನೋಡಿದೆ ಅಕ್ಕಾ, ಒಂದು ಮನೆಯ ಹಿತ್ತಿಲು, ಬೇರೇನೂ ಇಲ್ಲ, ಇಟ್ಟಿಗೆ ಗೋಡೆ ಅಷ್ಟೆ, ಆದರೆ ಆ ಇಟ್ಟಿಗೆ ಇನ್ನೂ ಒದ್ದೆ ಅದಾವ! ಹೀಗೆ. ಮೂರನೇ ವರ್ಷ ಶುರುವಾದ ಮೇಲೆ ಮಾತು ಸಣ್ಣದಾಯಿತು. ಆಮೇಲೆ ಕ್ಯಾಮೆರಾ ಹಾಕುವುದನ್ನು ಬಿಟ್ಟಳು. ಒಂದು ಬೆಳಿಗ್ಗೆ ನಾನು ಶಾಲೆಗೆ ಹೊರಡುವಾಗ ಗೊತ್ತಿಲ್ಲದ ನಂಬರಿನಿಂದ ಒಬ್ಬ ಹುಡುಗಿ ಇಂಗ್ಲಿಷಿನಲ್ಲಿ ಮಾತಾಡಿದಳು. ದಾಕ್ಷಿಯ ಪಕ್ಕದ ಕೋಣೆಯವಳು, ಹೆಸರು ಫೆಮ್ಕೆ. “ನಿಮ್ಮ ತಂಗಿ ಹೊರಗೆ ಬರುತ್ತಿಲ್ಲ. ಬಾಗಿಲ ಹತ್ತಿರ ಊಟ ಇಟ್ಟರೆ ಹಾಗೇ ಇರುತ್ತದೆ. ಮನೆಯವರು ಯಾರಾದರೂ ಬಂದರೆ ಒಳ್ಳೆಯದು.”

ವೀಸಾ ಬರುವವರೆಗೆ ಫೆಮ್ಕೆ ದಿನಾ ಒಂದು ಸಾಲು ಕಳಿಸುತ್ತಿದ್ದಳು: ಇವತ್ತು ಚಹಾ ಕುಡಿದಳು. ಇವತ್ತು ಇಲ್ಲ. ನನಗೆ ಹೋಗುವ ಟಿಕೆಟ್ ಒಂದು, ಬರುವ ಟಿಕೆಟ್ ಎರಡು ತೆಗೆದರು. ಸ್ಟೇಷನ್ನಿನಲ್ಲಿ ಅಪ್ಪ ಹೇಳಿದ: “ಓದು ಬ್ಯಾಡ, ಏನೂ ಬ್ಯಾಡ. ಜೀವ ಇದ್ರ ಸಾಕು. ಕರಕೊಂಡು ಬಾ.” ಅವ್ವ ಇನ್ನೊಂದು ಮಾತು ಸೇರಿಸಿದಳು: “ಯಾರಿಗೂ ಏನೂ ಅನಬ್ಯಾಡ. ನೋಡಾಕ ಹೊಂಟೀನಿ ಅನ್ನು.”

ಆಮ್‌ಸ್ಟರ್‌ಡ್ಯಾಮ್ ವಿಮಾನ ನಿಲ್ದಾಣ

ಅವ್ವ ಕಟ್ಟಿಕೊಟ್ಟಿದ್ದ ಗುರೆಳ್ಳು ಪುಡಿಯನ್ನು ಕಸ್ಟಮ್ಸಿನ ಎತ್ತರದ ಗಂಡಸು ಬಿಚ್ಚಿ ಮೂಸಿದ. ಕರಿ ಪುಡಿ, ಬೆಳ್ಳುಳ್ಳಿ ವಾಸನೆ. ಇದೇನು ಎಂದ. ತಿನ್ನುವುದು ಎಂದೆ. ಯಾವುದರ ಜೊತೆ ಎಂದ. ರೊಟ್ಟಿ ಹೊರಗೆ ತೆಗೆದೆ. ಒಣಗಿದ ಜೋಳದ ರೊಟ್ಟಿಯನ್ನು ಅವನು ಬೆರಳಿನಿಂದ ತಟ್ಟಿ ನೋಡಿದ; ಅದು ಹಲಗೆಯ ಹಾಗೆ ಸದ್ದು ಮಾಡಿತು. ಇಬ್ಬರಿಗೂ ನಗು ಬರಬೇಕಿತ್ತು. ನನಗೆ ಅಳು ಬಂತು. ಅವನು ಗಾಬರಿಯಾಗಿ ಎಲ್ಲವನ್ನೂ ಮೊದಲಿಗಿಂತ ನೀಟಾಗಿ ಕಟ್ಟಿ, ಚೀಲವನ್ನು ನನ್ನ ಕಡೆ ಸರಿಸಿದ.

ಹೊತ್ತು ಏರಿದ್ದರೂ ಹೊರಗೆ ಬೆಳಕಿರಲಿಲ್ಲ. ನಮ್ಮಲ್ಲಿ ಸೂರ್ಯ ಹುಟ್ಟಿದರೆ ಬಡಿದಂತೆ ಹುಟ್ಟುತ್ತಾನೆ. ಅಲ್ಲಿ ಬೂದು ಬಣ್ಣ ಸ್ವಲ್ಪ ತೆಳ್ಳಗಾಗುತ್ತದೆ, ಅದನ್ನೇ ಬೆಳಗು ಅನ್ನುತ್ತಾರೆ. ಲೈಡನ್ನಿನ ರೈಲಿನಲ್ಲಿ ನನ್ನ ಎದುರು ಕೂತ ಹೆಂಗಸು ನನ್ನ ಕಣ್ಣು ಒದ್ದೆಯಾಗಿರುವುದನ್ನು ನೋಡಿ, ತಕ್ಷಣ ಕಿಟಕಿಯ ಕಡೆ ತಿರುಗಿದಳು. ಆದೋನಿಯ ಬೋಗಿಯಲ್ಲಾಗಿದ್ದರೆ ಇಷ್ಟರಲ್ಲಿ ನನ್ನ ಗಂಡನ ಹೆಸರು, ಅಳುವ ಕಾರಣ, ಅದಕ್ಕೆ ಹರಕೆ ಯಾವ ದೇವರಿಗೆ ಹೊರಬೇಕು ಎಲ್ಲ ತೀರ್ಮಾನವಾಗಿರುತ್ತಿತ್ತು. ಅವಳು ತಿರುಗಿದ್ದು ಮರ್ಯಾದೆಗೆ ಎಂದು ಆಮೇಲೆ ತಿಳಿಯಿತು. ಆ ಹೊತ್ತಿಗೆ ಕೆನ್ನೆಗೆ ಬಾರಿಸಿದಂತೆ ಆಗಿತ್ತು.

ಲೈಡನ್: ಅವಳ ಕೋಣೆ

ಆ ಊರಿನಲ್ಲಿ ಬೀದಿಯಷ್ಟೇ ನೀರು. ಒಂದು ಕಾಲುವೆ ದಾಟಿದರೆ ಇನ್ನೊಂದು. ಮನೆಗಳು ತೆಳ್ಳಗೆ, ಒಂದರ ಹೆಗಲಿಗೊಂದು ಒರಗಿ ನಿಂತಿವೆ. ದಾರಿ ಎಂದು ನಾನು ನಡೆಯುತ್ತಿದ್ದದ್ದು ಸೈಕಲ್ಲಿನ ಹಾದಿಯಂತೆ. ಹಿಂದಿನಿಂದ ಬಂದ ಅಜ್ಜಿಯೊಬ್ಬಳು ಗಂಟೆ ಬಾರಿಸಿ, ನನ್ನ ಪಕ್ಕದಿಂದಲೇ ಹಾದು, ಏನೋ ಅಂದು ಹೋದಳು. ಭಾಷೆ ತಿಳಿಯದಿದ್ದರೂ ಬೈಗುಳ ತಿಳಿಯುತ್ತದೆ.

ಅವಳ ಕೋಣೆ ಮೂರನೇ ಅಂತಸ್ತಿನಲ್ಲಿತ್ತು. ಅದಕ್ಕೆ ಮೆಟ್ಟಿಲಲ್ಲ, ಏಣಿ ಎಂದೇ ಹೇಳಬೇಕು. ಫೆಮ್ಕೆ ಮುಂದೆ ನನ್ನ ಸೂಟ್‌ಕೇಸ್ ಎಳೆದುಕೊಂಡು, ನಾನು ಹಿಂದಿನಿಂದ ಸೀರೆ ಎತ್ತಿ ಹಿಡಿದು ಹತ್ತಿದೆವು. ಬಾಗಿಲು ತಟ್ಟಿ, “ದಾಕ್ಷೀ, ನಾನು, ಅಕ್ಕ,” ಅಂದೆ. ಬಹಳ ಹೊತ್ತಿನ ಮೇಲೆ ಚಿಲಕ ಸರಿಯಿತು.

ನನ್ನನ್ನು ನೋಡಿ ಅಪ್ಪಿಕೊಳ್ಳುತ್ತಾಳೆ, ಅಳುತ್ತಾಳೆ ಎಂದುಕೊಂಡಿದ್ದೆ. ಅವಳು, “ಬಂದ್ಯಾ? ಯಾಕ ತ್ರಾಸ ಮಾಡ್ಕೊಂಡಿ,” ಎಂದು ಮತ್ತೆ ಹಾಸಿಗೆಗೆ ಹೋಗಿ ಗೋಡೆಯ ಕಡೆ ಮುಖ ಮಾಡಿದಳು. ಕೂದಲು ಹೆಣೆದು ಎಷ್ಟು ದಿನವಾಗಿತ್ತೋ. ಗೋಡೆಯ ತುಂಬ ಚಿತ್ರಗಳ ಕಾರ್ಡು ಅಂಟಿಸಿದ್ದಳು. ಅವೆಲ್ಲವನ್ನೂ ಬೆನ್ನು ಮುಂದಾಗಿ ತಿರುಗಿಸಿ ಅಂಟಿಸಿದ್ದಳು. ಬಿಳಿ ಬಿಳಿ ಚೌಕಗಳು.

ನಾನು ಎಣ್ಣೆ ಬಿಸಿ ಮಾಡಿ ತಂದೆ. ತಲೆ ಮುಟ್ಟಿದಾಗ ಮೊದಲು ಕೊಸರಿದಳು, ಆಮೇಲೆ ಬಿಟ್ಟಳು. ಸಿಕ್ಕು ಬಿಡಿಸುವುದರಲ್ಲೇ ಆ ದಿನ ಮುಗಿಯಿತು. ಅವ್ವ ಫೋನ್ ಮಾಡಿ, “ಉಂಡಾಳೇನು?” ಎಂದಳು. “ಉಂಡಾಳ,” ಎಂದೆ. ಅರ್ಧ ರೊಟ್ಟಿ ತಿಂದಿದ್ದಳು.

ವೈದ್ಯರ ಮನೆ

ಅಲ್ಲಿ ಮಧ್ಯಾಹ್ನದ ಊಟಕ್ಕೆ ಒಲೆ ಹಚ್ಚುವುದಿಲ್ಲ. ತಣ್ಣನೆಯ ಬ್ರೆಡ್ಡು, ತಣ್ಣನೆಯ ಚೀಸು, ತಣ್ಣನೆಯ ಹಾಲು. ದೊಡ್ಡ ದೊಡ್ಡ ಮನುಷ್ಯರು ಬ್ರೆಡ್ಡಿನ ಮೇಲೆ ಚಾಕೊಲೇಟಿನ ಕಾಳು ಉದುರಿಸಿಕೊಂಡು ಗಂಭೀರವಾಗಿ ತಿನ್ನುತ್ತಾರೆ. ಚಹಾಕ್ಕೆ ಕರೆದರೆ ಡಬ್ಬಿ ತೆರೆದು ಒಂದು ಬಿಸ್ಕೆಟ್ ಕೊಟ್ಟು ಮುಚ್ಚಳ ಹಾಕುತ್ತಾರೆ. ಆದರೆ ಫೆಮ್ಕೆ ಎಷ್ಟೋ ದಿನ ನನ್ನ ತಂಗಿಯ ಬಾಗಿಲಿಗೆ ಸೂಪು ಇಟ್ಟಿದ್ದಾಳೆ. ಆದ್ದರಿಂದ ಆ ಬಿಸ್ಕೆಟ್ಟಿನ ಬಗ್ಗೆ ನಾನು ಹೆಚ್ಚು ಮಾತಾಡುವುದಿಲ್ಲ.

ನನಗೆ ತಡೆದುಕೊಳ್ಳಲಾಗದೆ ಇದ್ದದ್ದು ಕಿಟಕಿಗಳು. ಸಂಜೆ ಯಾರೂ ಪರದೆ ಎಳೆಯುವುದಿಲ್ಲ. ಬೀದಿಗೇ ತೆರೆದ ದೊಡ್ಡ ಗಾಜು. ಒಳಗೆ ದೀಪ, ಸೋಫಾ, ಓದುತ್ತಿರುವ ಮನುಷ್ಯ, ಎಲ್ಲ ಕಾಣುತ್ತದೆ. ಆದರೆ ಯಾರೂ ಒಳಗೆ ನೋಡುವುದಿಲ್ಲ. ನಮ್ಮ ಓಣಿಯಲ್ಲಿ ಬಾಗಿಲು ಅರ್ಧ ಮುಚ್ಚಿದ್ದರೂ ಒಳಗಿನ ಸಾರಿಗೆ ಉಪ್ಪು ಹೆಚ್ಚಾಗಿದ್ದು ಆಚೆ ಮನೆಗೆ ಗೊತ್ತು. ಆ ಕಾಟಕ್ಕೆ ಬೇಸತ್ತು ಓಡಿಹೋಗಬೇಕು ಅನ್ನಿಸಿದ್ದಿದೆ. ಇಲ್ಲಿ ನನ್ನ ತಂಗಿ ಗಾಜಿನ ಹಿಂದೆ ದಿನದಿನಕ್ಕೂ ಕರಗುತ್ತಿದ್ದಾಗ, ಒಬ್ಬ ಹುಡುಗಿಯ ಹೊರತು ಎಲ್ಲರೂ ಮರ್ಯಾದೆಯಿಂದ ಮುಂದೆ ನೋಡಿಕೊಂಡು ನಡೆದಿದ್ದರು.

ಫೆಮ್ಕೆ ಗೊತ್ತು ಮಾಡಿದ ಹೊತ್ತಿಗೆ ದಾಕ್ಷಿಯನ್ನು ವೈದ್ಯರಲ್ಲಿಗೆ ಕರೆದುಕೊಂಡು ಹೋದೆ. ವೈದ್ಯೆ ತಾನೇ ಹೊರಗೆ ಬಂದು ಕೈಕುಲುಕಿ ಒಳಗೆ ಕರೆದೊಯ್ದಳು. ಬಿಳಿ ಕೋಟಿಲ್ಲ, ಕೆಂಪು ಸ್ವೆಟರ್. ಸುತ್ತಿ ಬಳಸಿ ಕೇಳುವುದು ಆ ಜನಕ್ಕೆ ಗೊತ್ತಿಲ್ಲ. “ಸಾಯಬೇಕು ಎಂದು ಅನ್ನಿಸುತ್ತದೆಯೆ?” ಎಂದು, ನೆಗಡಿ ಇದೆಯೆ ಎಂದು ಕೇಳುವ ದನಿಯಲ್ಲೇ ಕೇಳಿದಳು. ದಾಕ್ಷಿ ತನ್ನ ಕೈ ನೋಡಿಕೊಂಡು, “ಕೆಲವು ಸಲ,” ಎಂದಳು.

ವೈದ್ಯೆ ಗುಳಿಗೆ ಬರೆದಳು. ಮನಸ್ಸಿನ ತಜ್ಞರ ಹತ್ತಿರ ಸರದಿ ಉದ್ದ ಇದೆ, ಕೆಲವು ತಿಂಗಳಾಗಬಹುದು, ಅಲ್ಲಿಯವರೆಗೆ ಒಬ್ಬಳೇ ಇರಬಾರದು ಎಂದಳು. ಹೊರಗೆ ಬಂದ ಮೇಲೆ ಸಣ್ಣ ಮಳೆ ಹನಿಯುತ್ತಿತ್ತು. ನಾನು ತಂಗಿಯ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡೇ ನಡೆದೆ. “ನೋಯ್ತದಕ್ಕಾ,” ಎಂದಳು. ಬಿಡಲಿಲ್ಲ.

ಚಿತ್ರದ ಮುಂದೆ

ವಿಶ್ವವಿದ್ಯಾಲಯದ ಸಲಹೆಗಾರ್ತಿ ಒಳ್ಳೆಯ ಹೆಂಗಸು. ವರ್ಷ ನಿಲ್ಲಿಸಬಹುದು, ಜಾಗ ಹೋಗುವುದಿಲ್ಲ, ಬರುವ ಸೆಪ್ಟೆಂಬರಿನಲ್ಲಿ ಮೂರನೇ ವರ್ಷವನ್ನು ಹೊಸದಾಗಿ ಶುರು ಮಾಡಬಹುದು ಎಂದು ಬಿಡಿಸಿ ಹೇಳಿದಳು. ಆದರೆ ನನಗೆ ನಮ್ಮ ಮನೆ ಗೊತ್ತಿತ್ತು. ಚಿಕ್ಕಪ್ಪ ಆಗಲೇ ಅವಳ ಮದುವೆಗೆ ನಮ್ಮೂರ ಹತ್ತಿರದ ಆಸ್ಪರಿಯ ಒಂದು ಮನೆತನದ ಮಾತು ತೆಗೆದಿದ್ದ. ಒಮ್ಮೆ ಬಂದರೆ ಅವಳನ್ನು ಮತ್ತೆ ಯಾರೂ ಕಳಿಸುವುದಿಲ್ಲ.

ಈ ಅರ್ಧ ವರ್ಷದ್ದು ಏನು ಉಳಿದಿದೆ ಎಂದು ಕೇಳಿದೆ. ಒಂದು ಪ್ರಬಂಧ ಎಂದಳು ದಾಕ್ಷಿ. ಮ್ಯೂಸಿಯಮ್ಮಿನಲ್ಲಿ ಒಂದೇ ಚಿತ್ರದ ಮುಂದೆ ಅರ್ಧ ದಿನ ಕೂತು, ಯಾವ ಪುಸ್ತಕವನ್ನೂ ನೋಡದೆ, ಕಣ್ಣಿಗೆ ಕಂಡದ್ದನ್ನಷ್ಟೇ ಬರೆಯಬೇಕು. “ಡಿಸೆಂಬರ್‌ನ್ಯಾಗ ಹೋಗಿದ್ದೆ. ಕುಂತೆ. ಏನೂ ಕಾಣಲಿಲ್ಲ.”

“ಅಂದ್ರ?”

“ಕಣ್ಣಿಗೆ ಕಾಣ್ತೈತಿ. ನನಗ ಕಾಣವಲ್ದು. ಬಣ್ಣ ಹಚ್ಚಿದ ಹಲಗಿ ಕಂಡಂಗ. ಅವತ್ತಿಂದನ ಅಕ್ಕಾ ನಾನು ಹಾಸಿಗಿ ಹಿಡದದ್ದು. ಇದೊಂದು ಇತ್ತು ನನಗ. ಇದೂ ಹೋತು.”

ಮರುದಿನ ಅವಳನ್ನು ಎಬ್ಬಿಸಿ ಕರೆದುಕೊಂಡು ಹೋದೆ. ಒಳ್ಳೆಯದಾಗುತ್ತದೆ ಎಂದಲ್ಲ, ಅವಳ ಓದು ಎಂದರೆ ಏನು ಎಂದು ನಾನು ಒಮ್ಮೆಯೂ ನೋಡಿರಲಿಲ್ಲ. ಸಣ್ಣ ಮ್ಯೂಸಿಯಮ್ಮು, ಚಳಿಗಾಲದಲ್ಲಿ ಬರುವವರೂ ಕಡಿಮೆ. ಆ ಚಿತ್ರ ನಾನೆಣಿಸಿದಷ್ಟು ದೊಡ್ಡದಲ್ಲ, ನಮ್ಮ ಶಾಲೆಯ ಸ್ಲೇಟಿಗಿಂತ ಸ್ವಲ್ಪ ಹೆಚ್ಚು. ಬರೆದವನ ಹೆಸರು ಯಾರಿಗೂ ಗೊತ್ತಿಲ್ಲವಂತೆ. ಒಂದು ಅಡಿಗೆಮನೆ. ನಡುವಯಸ್ಸಿನ ಹೆಂಗಸೊಬ್ಬಳು ಸ್ಟೂಲಿನ ಮೇಲೆ ಕೂತಿದ್ದಾಳೆ. ಏನೋ ಹೆಚ್ಚುತ್ತಿದ್ದವಳು ಚಾಕು ಕೆಳಗಿಟ್ಟು, ಕೈಗಳನ್ನು ಮಡಿಲಲ್ಲಿ ಬಿಟ್ಟಿದ್ದಾಳೆ. ಅಷ್ಟೆ.

ಕಾವಲಿಗಿದ್ದ ಹೆಂಗಸು ನಮ್ಮನ್ನು ನೋಡುತ್ತ ನೋಡುತ್ತ ಹತ್ತಿರ ಬಂದು ಹಿಂದಿಯಂಥ ಒಂದು ಮಾತಿನಲ್ಲಿ, “ನಿಮ್ಮದು ಯಾವ ಜಿಲ್ಲೆ?” ಎಂದಳು. ನನಗೆ ನೆಲ ಅಲುಗಿದಂತಾಯಿತು. ನಮ್ಮೂರಿನ ದಖನಿ ಉರ್ದುವಿನಲ್ಲೇ ಕರ್ನೂಲು ಎಂದೆ. ಅವಳಿಗೆ ಆ ಹೆಸರು ಗೊತ್ತಿರಲಿಲ್ಲ. ಅವಳ ಮುತ್ತಜ್ಜಿಯನ್ನು ಕೂಲಿಗೆಂದು ಹಡಗು ಹತ್ತಿಸಿ, ದಕ್ಷಿಣ ಅಮೆರಿಕದಲ್ಲಿ ಆಗ ಹಾಲೆಂಡಿನ ವಶದಲ್ಲಿದ್ದ ಸುರಿನಾಮಿಗೆ ಒಯ್ದಿದ್ದರಂತೆ. ಅಲ್ಲಿಂದ ಇವರ ಮನೆಯವರು ಹಾಲೆಂಡಿಗೆ ಬಂದರಂತೆ. ಮುತ್ತಜ್ಜಿಯ ಜಿಲ್ಲೆ ಯಾವುದೆಂದು ಮನೆಯಲ್ಲಿ ಯಾರಿಗೂ ನೆನಪಿಲ್ಲ. ಆದರೂ ಭಾರತದವರು ಸಿಕ್ಕರೆ ಕೇಳುವ ರೂಢಿ ಹೋಗಿಲ್ಲ. ಅವಳು ಎಲ್ಲಿಂದಲೋ ಎರಡು ಮಡಚುವ ಸ್ಟೂಲು ತಂದು ಹಾಕಿ, ದೂರ ಹೋಗಿ ನಿಂತಳು.

ಕೂತೆವು. ದಾಕ್ಷಿ ನೆಲ ನೋಡುತ್ತಿದ್ದಳು. ನನಗೆ ಚಿತ್ರ ನೋಡುವುದು ಗೊತ್ತಿಲ್ಲ. ಬಾಯಿಗೆ ಬಂದದ್ದು ಹೇಳಿದೆ. “ಈಕಿ ಮೀನ ಹೆಚ್ಚಾಕತ್ತಾಳ.”

ನಾನೇ ಮುಂದುವರಿಸಿದೆ.

“ಮನಿ ಸ್ವಚ್ಛ ಇಟ್ಟಿಲ್ಲ. ಆ ಕೆರ ನೋಡು, ಬಾಗಲದಾಗ ಬೋರಲ ಬಿದ್ದೈತಿ. ನಮ್ಮವ್ವ ಆಗಿದ್ರ ಬೈತಿದ್ಲು.”

ಆಮೇಲೆ ಅವಳು ತಲೆ ಎತ್ತದೆ, “ಅದು ಮೀನಲ್ಲ,” ಎಂದಳು.

“ಮತ್ತೇನು?”

“ಗಜ್ಜರಿ. ಕ್ಯಾರೆಟ್ಟು.” ತಲೆ ಎತ್ತಿದಳು. “ಬೆಳಕು ಬಿದ್ದಿದ್ದಕ್ಕ ಬೆಳ್ಳಗ ಕಾಣ್ತೈತಿ.” ಸ್ವಲ್ಪ ಮುಂದೆ ಬಾಗಿದಳು. “ಅಕ್ಕಾ, ಆ ಕೆರ ಆಕಿದಲ್ಲ. ಆಕಿ ಕಾಲಾಗ ಎರಡೂ ಅದಾವ. ಅದು ಸಣ್ಣದು. ಕೂಸಿಂದು.”

ನಾನು ನೋಡಿದೆ. ಹೌದು, ಮಗುವಿನ ಚಪ್ಪಲಿ. ಚಿತ್ರದಲ್ಲಿ ಮಗು ಎಲ್ಲೂ ಇರಲಿಲ್ಲ. ಮಗು ಹೊರಗೆ ಆಡಲು ಓಡಿತೋ, ಮತ್ತೇನಾಯಿತೋ, ಚಿತ್ರ ಹೇಳುವುದಿಲ್ಲ. ಆ ಹೆಂಗಸಿನ ಮುಖದಲ್ಲಿ ದುಃಖವೂ ಇರಲಿಲ್ಲ. ಕೆಲಸ ಮಾಡಿ ಮಾಡಿ ಒಂದು ಗಳಿಗೆ ಕೈ ಬಿಟ್ಟು ಕೂತವರ ಮುಖ.

ದಾಕ್ಷಿಗೆ ಅಳು ಬಂತು. ಬಂದಿದ್ದು ಚೂರು ಚೂರಾಗಿ ಅಲ್ಲ, ಕಟ್ಟೆ ಒಡೆದ ಹಾಗೆ. ಕಾವಲಿನ ಹೆಂಗಸು ಓಡಿ ಬಂದು ಅವಳ ಬೆನ್ನ ಮೇಲೆ ಕೈ ಇಟ್ಟು, “ರೋನೇ ದೋ, ರೋನೇ ದೋ,” ಎಂದಳು. ಅಳಲಿ ಬಿಡಿ ಎಂದು. ಅಳುವಿನ ನಡುವೆ ನನ್ನ ತಂಗಿ ಹೇಳಿದ್ದು ನನಗೆ ಈಗಲೂ ಕೇಳಿಸುತ್ತದೆ. “ಕ್ಲಾಸಿನ್ಯಾಗ ಎಲ್ಲಾರೂ ನನಗ ನಮ್ಮ ದೇಶದ ಗುಡಿ ಬಗ್ಗೆನ ಕೇಳ್ತಾರ. ನಾನು ಇಂಥ ಅಡಿಗಿಮನಿ ಸಲುವಾಗಿ ಬಂದೀನಿ ಅಂದ್ರ ತಿಳಿಯಂಗಿಲ್ಲ. ಮನಿಯಾಗ ಬೊಂಬಿ ನೋಡ್ತಾಳ ಅಂತ ನಗ್ತಾರ. ನಾ ಯಾರಿಗೆ ಹೇಳ್ಲಿ?”

ಪ್ರಬಂಧ ಬರೆಯಲಿಲ್ಲ. ಆ ದಿನ ಅವಳು ಪೂರ್ತಿ ಒಂದು ರೊಟ್ಟಿ ತಿಂದಳು. ಮರುದಿನ ಮತ್ತೆ ಹಾಸಿಗೆಯಿಂದ ಏಳಲಿಲ್ಲ.

ಕಾಟ್‌ವೈಕ್, ಸಮುದ್ರದ ದಂಡೆ

ಲೈಡನ್ನಿನಿಂದ ಬಸ್ಸು ಹಿಡಿದರೆ ಸಮುದ್ರ ಹತ್ತಿರ. ಹಿಂದಿರುಗುವ ದಿನ ಸಮೀಪಿಸಿತ್ತು. ಅವಳೇ ಹೋಗೋಣ ಎಂದಳು. ಆ ಸಮುದ್ರಕ್ಕೂ ಆಕಾಶಕ್ಕೂ ಬಣ್ಣ ಬೇರೆ ಇರಲಿಲ್ಲ. ಗಾಳಿ ಮರಳನ್ನು ಎತ್ತಿ ಮುಖಕ್ಕೆ ಹೊಡೆಯುತ್ತಿತ್ತು. ಅಂಥ ಗಾಳಿಯಲ್ಲೂ ಜನ ನಾಯಿ ಹಿಡಿದುಕೊಂಡು ನಡೆಯುತ್ತಿದ್ದರು, ಯಾರೋ ಅಪ್ಪಣೆ ಮಾಡಿದ ಹಾಗೆ.

ಇಷ್ಟು ದಿನದಲ್ಲಿ ನನ್ನ ಮನಸ್ಸು ತಿರುಗಿತ್ತು. ಕರೆದೊಯ್ಯಲು ಬಂದವಳು ನಾನು, ಈಗ ಅವಳನ್ನು ಇಲ್ಲೇ ಉಳಿಸುವ ಹಾದಿ ಹುಡುಕುತ್ತಿದ್ದೆ. ರಜೆ ಹೆಚ್ಚಿಸಿಕೊಂಡು ಇನ್ನಷ್ಟು ದಿನ ಇರುತ್ತೇನೆ, ಫೆಮ್ಕೆ ಇದ್ದಾಳೆ, ಗುಳಿಗೆ ಇದೆ ಎಂದೆ. “ಮನಿಗೆ ಬಂದ್ರ ಮತ್ತ ಕಳಸಂಗಿಲ್ಲ ದಾಕ್ಷಿ. ನಿನಗ ಗೊತ್ತೈತಿ. ಒಂದ ವರ್ಷದ ಮಾತು. ಹೆಂಗರ ಮಾಡಿ ಮುಗಿಸಿಬಿಡು.”

ಅವಳು ಕೋಪಿಸಿಕೊಳ್ಳಲಿಲ್ಲ. ನೀರಿನ ಕಡೆ ನೋಡುತ್ತ ಕೇಳಿದಳು: “ಸತ್ತು ಮುಗಸಬೇಕೇನಕ್ಕಾ?”

ನಾನು ಅವಳ ಶಾಲನ್ನು ಕಿವಿ ಮುಚ್ಚುವಂತೆ ಎಳೆದು ಸುತ್ತಿದೆ.

“ಮನಿಗೆ ಹೋಗೂಣು,” ಎಂದಳು ಅವಳೇ. “ಅಪ್ಪ ಹೇಳ್ಯಾನ ಅಂತ ಅಲ್ಲ, ನೀ ಕರಿಯಾಕ ಬಂದಿ ಅಂತನೂ ಅಲ್ಲ. ನನಗ ಹೋಗಬೇಕು.”

ಆಯಿತು ಎಂದೆ. ಸೋತವರಂತೆ ಬಸ್ಸಿಗೆ ಕಾದೆವು.

ವಾಪಸ್

ಆ ಏಣಿಯಂಥ ಮೆಟ್ಟಿಲನ್ನು ಅವಳು ಹಿಮ್ಮುಖವಾಗಿ, ಒಂದೊಂದನ್ನೇ ಹಿಡಿದು ಇಳಿದಳು. ಫೆಮ್ಕೆ ಅತ್ತಳು. ನಾನು ಅವಳ ಎರಡೂ ಕೈ ಹಿಡಿದು ಕನ್ನಡದಲ್ಲೇ, “ನಿನ್ನ ಹೊಟ್ಟಿ ತಣ್ಣಗಿರ್ಲಿ,” ಎಂದೆ. ಅವಳು ತಿಳಿದವಳ ಹಾಗೆ ತಲೆಯಾಡಿಸಿದಳು.

ಬೆಂಗಳೂರಿನಲ್ಲಿ ಇಳಿದು ರೈಲಿನಲ್ಲಿ ಆದೋನಿ ಮುಟ್ಟಿದೆವು. ಪ್ಲಾಟ್‌ಫಾರ್ಮಿನಲ್ಲಿ ಅಪ್ಪ ನಿಂತಿದ್ದ. ಮಗಳ ಕುತ್ತಿಗೆಯ ಎಲುಬು ನೋಡಿದ. ಏನು ಕೇಳಬೇಕೋ ತಿಳಿಯದೆ, “ಅಲ್ಲಿ ಥಂಡಿ ಇತ್ತೇನವ್ವಾ?” ಎಂದ. “ಇತ್ತಪ್ಪಾ,” ಎಂದಳು.

ಬಳ್ಳಾರಿಯ ಒಬ್ಬ ವೈದ್ಯರ ಹತ್ತಿರ ತೋರಿಸಿದೆವು. ಊರಿನವರಿಗೆ ಕಾಮಾಲೆ ಎಂದು ಹೇಳಿದೆವು. ದಿನವಿಡೀ ಮಲಗುತ್ತಿದ್ದಳು. ಮೆಲ್ಲಗೆ ಸಂಜೆ ಮಾಳಿಗೆ ಹತ್ತಿ ಕೂರುವುದಕ್ಕೆ ಶುರು ಮಾಡಿದಳು. ಚಿತ್ರದ ಮಾತು ಅವಳೂ ಎತ್ತಲಿಲ್ಲ, ನಾವೂ ಎತ್ತಲಿಲ್ಲ. ಲೈಡನ್ನಿನಿಂದ ಜಾಗ ಕಾದಿರಿಸಿದ್ದೇವೆ, ಬರುವುದಾದರೆ ತಿಳಿಸಿ ಎಂದು ಒಂದು ಮೇಲ್ ಬಂದಿದೆ ಎಂದಷ್ಟೇ ನನಗೆ ಒಮ್ಮೆ ಹೇಳಿದಳು. ಹೋಗುತ್ತೀಯಾ ಎಂದು ನಾನು ಕೇಳಲಿಲ್ಲ. ಹೋಗುವಷ್ಟು ಗಟ್ಟಿಯಾಗಿದ್ದಾಳೋ ಇಲ್ಲವೋ ಅವಳಿಗೂ ಗೊತ್ತಿರಲಿಲ್ಲ.

ಬೇಸಿಗೆಯಲ್ಲಿ ಆಸ್ಪರಿಯವರು ನೋಡಲು ಬಂದರು. ಹುಡುಗನ ತಂದೆ, ತಾಯಿ, ಒಬ್ಬ ಸೋದರತ್ತೆ. ಡಿಗ್ರಿ ಆಗಿದೆ ಎನ್ನಬೇಕು, ಹೆಚ್ಚು ಮಾತು ಬೇಡ ಎಂದು ಅವ್ವ ಬೆಳಿಗ್ಗೆಯಿಂದ ಹೇಳಿ ಹೇಳಿ ಇಟ್ಟಿದ್ದಳು. ದಾಕ್ಷಿ ಅವಲಕ್ಕಿ ತಂದಿಟ್ಟು ಚಾಪೆಯ ಅಂಚಿಗೆ ಕೂತಳು. ಸೋದರತ್ತೆ ಅಕ್ಕರೆಯಿಂದಲೇ ಕೇಳಿದಳು: “ಏನು ಓದೀಯವ್ವಾ?”

“ಕಲಾದ ಇತಿಹಾಸ ರೀ.”

“ಮುಗೀತಲ್ಲ?” ಎಂದರು ಹುಡುಗನ ತಂದೆ.

ಅವ್ವ ಬಾಗಿಲ ಹಿಂದಿನಿಂದ ಕೆಮ್ಮಿದಳು. ದಾಕ್ಷಿ ತಲೆ ಎತ್ತಿ ಹೇಳಿದಳು: “ಇಲ್ಲ ರೀ. ಎರಡ ವರ್ಷ ಆಗೈತಿ. ನಡುವ ನನಗ ಮನಸಿಗೆ ಆರಾಮ ಇರಲಿಲ್ಲ, ಬಂದೀನಿ. ಇನ್ನೊಂದು ವರ್ಷ ಬಾಕಿ ಐತಿ.”

ಅವರು ಅವಲಕ್ಕಿ ತಿಂದರು, ಮಳೆ ಬೆಳೆ ಮಾತಾಡಿದರು, ಹೋಗಿ ತಿಳಿಸುತ್ತೇವೆ ಎಂದು ಎದ್ದರು. ತಿಳಿಸುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಅವರ ಗಾಡಿ ಓಣಿ ತಿರುಗುವವರೆಗೂ ಸುಮ್ಮನಿದ್ದ ಚಿಕ್ಕಪ್ಪ ಒಳಗೆ ಬಂದು ಕೂಗಾಡಿದ. ತಾನಾಗಿ ಬಂದ ಸಂಬಂಧ ಒದ್ದುಬಿಟ್ಟಳು, ಹುಚ್ಚಿ ಎಂದು ತಾನೇ ಹೇಳಿಕೊಂಡಳು, ಇನ್ನು ಈ ಕಡೆ ಯಾರೂ ಬರುವುದಿಲ್ಲ ಎಂದ. ಅವ್ವ ಸೆರಗು ಬಾಯಿಗೆ ಹಿಡಿದು ಅತ್ತಳು. ದಾಕ್ಷಿ ಲೋಟಗಳನ್ನು ಒಂದರೊಳಗೊಂದು ಜೋಡಿಸುತ್ತಿದ್ದಳು.

ಅಪ್ಪ ಅಷ್ಟು ಹೊತ್ತೂ ಕಂಬಕ್ಕೆ ಒರಗಿ ನಿಂತಿದ್ದ. ಪೇಟೆಗೆ ಹೊರಡಲೆಂದು ಚಪ್ಪಲಿ ಮೆಟ್ಟಿಕೊಂಡ. ಬಾಗಿಲ ತನಕ ಹೋಗಿ ನಿಂತು, ತಮ್ಮನ ಕಡೆ ತಿರುಗಿ, “ಆಕಿ ಸುಳ್ಳೇನೂ ಹೇಳಿಲ್ಲಲ್ಲ,” ಎಂದ.